ಕುರಿಗೆ ಮಾಡಿದ ಸೂಜಿ

ನನ್ನ ತಂಗಿ ದನದ ಡಾಕ್ಟರ್. ಕಮಲಾಪುರದಲ್ಲಿ ಕೆಲಸ ಮಾಡುತ್ತಾಳೆ. ಈ ಮಾತನ್ನು ನಾನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುತ್ತೇನೆ, ನಮ್ಮ ಹೈಸ್ಕೂಲಿನಲ್ಲಿ ಮಾಸ್ತರುಗಳು ಚಹಾ ಕುಡಿಯುವ ಹೊತ್ತಿಗೆ ಯಾರೂ ಕೇಳದಿದ್ದರೂ ಹೇಳುತ್ತೇನೆ. ಹುಡುಗರಿಗೆ ಕನ್ನಡ ಕಲಿಸುವವನು ನಾನು. ಪಾಠದ ನಡುವೆ ದನ, ಕುರಿ ಅಂತ ಎಲ್ಲಾದರೂ ಬಂದರೆ ಸಾಕು, ಸರ್ ಈಗ ತಂಗಿ ಸುದ್ದಿ ತೆಗೀತಾರ ಅಂತ ಹಿಂದಿನ ಬೆಂಚಿನವರು ನಗಲು ಶುರು ಮಾಡುತ್ತಾರೆ. ನಗಲಿ ಬಿಡಿ.

ಆಕೆ ಈ ಓದಿಗೆ ಹೋಗುವಾಗ ಮಾತ್ರ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಅಪ್ಪ ಗಂಜ್‌ನಲ್ಲಿ ಧಾನ್ಯದ ಚೀಲ ಹೊತ್ತು ಹಮಾಲಿ ಮಾಡಿ, ಅವ್ವ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡಿ ನಮ್ಮಿಬ್ಬರನ್ನು ಓದಿಸಿದರು. ಅದಕ್ಕೂ ಮೊದಲು ಅಪ್ಪ ಕಮಲಾಪುರದ ಆಚೆ ಒಂದು ಸಣ್ಣ ಊರಿನಲ್ಲಿದ್ದ. ಅಲ್ಲಿ ನಮ್ಮ ಮನೆತನದವರಿಗೆ ಇದ್ದ ಕೆಲಸವೆಂದರೆ ಊರವರ ಸತ್ತ ದನ ಎಳೆಯುವುದು, ಚರ್ಮ ಸುಲಿಯುವುದು. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಸಣ್ಣ ವಯಸ್ಸಿನಲ್ಲೇ ತೀರಿಕೊಂಡಿದ್ದ. ಏನಾಗಿತ್ತು ಅಂತ ಕೇಳಿದರೆ ಜ್ವರ ಬಂದಿತ್ತು ಅನ್ನುತ್ತಿದ್ದ ಅಪ್ಪ, ಅಷ್ಟೇ. ಅಣ್ಣ ಹೋದ ವರ್ಷವೇ ಆತ ಹಗ್ಗ, ಚಾಕು ಎರಡನ್ನೂ ಬಿಟ್ಟು ಕಲಬುರಗಿಗೆ ಬಂದ. ಬುದ್ಧ ವಿಹಾರಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡ. ಮಕ್ಕಳ ಕೈಗೆ ಪುಸ್ತಕ ಕೊಟ್ಟ. ಅಂಥವನ ಮುಂದೆ ಮಗಳು ನಿಂತು, ದನದ ಡಾಕ್ಟರಿಕೆ ಓದಲು ಬೀದರಿಗೆ ಹೋಗುತ್ತೇನೆ ಅಂದಾಗ ಅಪ್ಪ ಊಟ ಬಿಟ್ಟು ಎದ್ದ. ಸತ್ತ ದನ ಮುಟ್ಟುವುದು ಬ್ಯಾಡಂತ ನಾನು ಊರು ಬಿಟ್ಟೆ, ನೀನು ಮತ್ತ ಅದರ ಹಿಂದೆ ಹೊಂಟಿ ಅಂತ ಬೇಸರ ಮಾಡಿಕೊಂಡ.

ತಂಗಿ ದನಿ ಏರಿಸಲಿಲ್ಲ. "ನಾನು ಜೀವ ಇದ್ದದ್ದನ್ನ ಮುಟ್ಟತೀನಪ್ಪಾ" ಅಂದಳು.

ಅಪ್ಪ ಆಕೆಯನ್ನು ತಡೆಯಲಿಲ್ಲ. ಒಪ್ಪಿದ ಅಂತಲೂ ಹೇಳಲಾರೆ. ಆಕೆ ಓದು ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಕಮಲಾಪುರಕ್ಕೇ ಬಂದಾಗಲೂ ಆಕೆಯ ಕೆಲಸದ ಸುದ್ದಿಯನ್ನು ಅಪ್ಪ ತಾನಾಗಿ ತೆಗೆಯುತ್ತಿರಲಿಲ್ಲ. ಆಕೆ ದಣಿದು ಬಂದರೆ ನೀರು ಕಾಯಿಸಿ ಇಡುತ್ತಿದ್ದ. ಯಾವ ಊರಿಗೆ ಹೋಗಿದ್ದಿ, ಏನು ಮಾಡಿದಿ ಅಂತ ಕೇಳುತ್ತಿರಲಿಲ್ಲ.

ಹೋದ ವರ್ಷ ಮುಂಗಾರು ಒಂದೆರಡು ಸಲ ಜೋರಾಗಿ ಬಂದು ನಿಂತಿತ್ತು. ಒಂದು ಭಾನುವಾರ ಅಪ್ಪ, ದೊಡ್ಡಪ್ಪನ ಮಗನನ್ನು ನೋಡಿ ಬಹಳ ದಿನ ಆಯಿತು, ಊರಿಗೆ ಹೋಗಿ ಬರೋಣ ಅಂದ. ದೊಡ್ಡಪ್ಪನ ಮಗ ನನಗಿಂತ ದೊಡ್ಡವನು, ನಮಗೆ ಅಣ್ಣ. ತಂದೆ ಸತ್ತಾಗ ಆತ ತೊಟ್ಟಿಲಲ್ಲಿದ್ದನಂತೆ. ಆತ ಊರು ಬಿಡಲಿಲ್ಲ. ಕೂಲಿ ಮಾಡಿಕೊಂಡು ಅಲ್ಲೇ ಇದ್ದ. ಕಲಬುರಗಿಯಲ್ಲಿ ಶರಣಸಿರಸಗಿಯ ಹತ್ತಿರದ ಲೇಔಟಿನಲ್ಲಿರುವ ನಮ್ಮ ಮನೆಯಿಂದ ನನ್ನ ಹಳೇ ಕಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಕಮಲಾಪುರದಲ್ಲಿ ತಂಗಿ ಕೆಂಪು ಬಾಳೆಹಣ್ಣು ಕೊಂಡು ರಸ್ತೆಯ ಬದಿಗೆ ನಮಗಾಗಿ ಕಾಯುತ್ತಾ ನಿಂತಿದ್ದಳು. ರಜೆಯ ದಿನ, ಮೂವರೂ ಅಣ್ಣನ ಮನೆಯಲ್ಲಿ ಊಟ ಮಾಡುವುದು ಅಂತ ಇತ್ತು.

ಆಕೆ ಕಾರು ಹತ್ತುವಾಗಲೇ ಫೋನ್ ಬಂತು. ನಾವು ಹೊರಟಿದ್ದ ಊರಿನ ಗೌಡರದು. ಅವರ ದೊಡ್ಡ ಎತ್ತು ರಾತ್ರಿ ಚೆನ್ನಾಗಿ ಮೇವು ತಿಂದಿತ್ತು, ಬೆಳಗಾದ ಮೇಲೆ ಬಯಲಿಗೆ ಬಿಟ್ಟರೆ ಹಳ್ಳದ ದಂಡೆಯಲ್ಲಿ ಒಮ್ಮೆಲೇ ಬಿದ್ದು ಸತ್ತಿತ್ತು. ತಂಗಿ ಒಂದೊಂದೇ ಕೇಳಿದಳು. ಮೂಗಿನಿಂದ ರಕ್ತ ಬಂದದೇನು, ಕಪ್ಪಗೆ ಇದೆಯೇನು, ಹೆಪ್ಪುಗಟ್ಟದೆ ಹಾಗೇ ಹರಿಯುತ್ತಿದೆಯೇನು, ಹೊಟ್ಟೆ ಉಬ್ಬಿದೆಯೇನು. ಎಲ್ಲಕ್ಕೂ ಹೌದು ಅಂತಲೇ ಉತ್ತರ ಬಂದಿರಬೇಕು. ಆಕೆಯ ಮುಖ ಬದಲಾಯಿತು. ಯಾರೂ ಹತ್ತಿರ ಹೋಗಬೇಡಿ, ಮುಟ್ಟಬೇಡಿ, ನಾಯಿ ಬರದ ಹಾಗೆ ನೋಡಿಕೊಳ್ಳಿ ಅಂದಳು. ಆ ಕಡೆಯಿಂದ ಗೌಡರು ಹೇಳಿದ್ದು ನನಗೂ ಕೇಳಿಸಿತು. "ಎಳಕೊಂಡು ಹೋಗಲಿಕ್ಕೆ ನಿಮ್ಮ ಅಣ್ಣಗ ಹೇಳಿ ಕಳಿಸೀನ್ರಿ ಮೇಡಂ. ಬಂದಿರಬೇಕು ಈಗ."

ತಂಗಿ ಓಡಿಹೋಗಿ ಆಸ್ಪತ್ರೆಯ ಬಾಗಿಲು ತೆಗೆಸಿ ತನ್ನ ಚೀಲ, ಕೈಗವಸು, ಮುಖಗವಸು ಎಲ್ಲ ತಂದಳು. ಅಣ್ಣನಿಗೆ ಫೋನ್ ಮಾಡಿದರೆ ಹತ್ತುತ್ತಿರಲಿಲ್ಲ. ಅಪ್ಪ ಏನಾಯಿತು ಅಂತ ಕೇಳಿದ. ನೆರಡಿ ರೋಗ ಇರಬಹುದು, ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಅಂತಾರೆ, ದನಕ್ಕೆ ಬರುತ್ತದೆ, ಕುರಿಗೆ ಬರುತ್ತದೆ, ಸತ್ತದ್ದನ್ನು ಕೊಯ್ದರೆ ಕೊಯ್ದವರಿಗೂ ಬರುತ್ತದೆ ಅಂತ ತಂಗಿ ಹೇಳಿದಳು. ನಾನು ಗಾಡಿ ಜೋರಾಗಿ ಓಡಿಸಿದೆ.

ನಾವು ಹೋದಾಗ ಅಣ್ಣ ಹಳ್ಳದ ದಂಡೆಯಲ್ಲಿ ಎತ್ತಿನಿಂದ ತುಸು ದೂರದಲ್ಲಿ ಕೂತು ಕಲ್ಲಿಗೆ ಚಾಕು ಮಸೆಯುತ್ತಿದ್ದ. ಗೌಡರು, ಅವರ ಮಗ, ಊರಿನ ನಾಲ್ಕೈದು ಮಂದಿ ಜಾಲಿಯ ನೆರಳಿನಲ್ಲಿ ನಿಂತಿದ್ದರು. ತಂಗಿ ಕಾರು ನಿಲ್ಲುವ ಮೊದಲೇ ಇಳಿದು ನಡೆದಳು. "ಅಣ್ಣಾ, ಚಾಕು ಕೆಳಗ ಇಡು" ಅಂದಳು.

ಅಣ್ಣ ನಕ್ಕು, ಚರ್ಮ ಚಲೋ ಅದ, ಸುಮ್ಮನೆ ಮಣ್ಣಿಗೆ ಹಾಕೋದ್ಯಾಕ ಅಂತ ಏನೋ ಹೇಳಲು ಹೋದ. ಆಕೆ ಆತನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೆಲ್ಲಗೆ ವಿವರಿಸಿದಳು. ಈ ರೋಗದ ಹುಳ ಸತ್ತ ದನದ ರಕ್ತದಲ್ಲಿ ಇರುತ್ತದೆ. ಮೈ ಕೊಯ್ದು ಗಾಳಿ ತಾಗಿತೆಂದರೆ ಅದು ಗಟ್ಟಿ ಬೀಜದ ಹಾಗೆ ಆಗಿ ಮಣ್ಣಿಗೆ ಸೇರುತ್ತದೆ. ಬಿಸಿಲಿಗೂ ಸಾಯುವುದಿಲ್ಲ, ಮಳೆಗೂ ಸಾಯುವುದಿಲ್ಲ, ವರ್ಷಾನುಗಟ್ಟಲೆ ಹಾಗೇ ಕೂತಿರುತ್ತದೆ. ಮಳೆ ಬಂದಾಗ ಮೇಲೆದ್ದು ಹುಲ್ಲಿಗೆ ಹತ್ತುತ್ತದೆ. ಅದಕ್ಕೆ ಈ ಎತ್ತಿಗೆ ಯಾರೂ ಚಾಕು ಹಾಕುವ ಹಾಗಿಲ್ಲ, ಎಳೆಯುವ ಹಾಗೂ ಇಲ್ಲ, ಬಿದ್ದಲ್ಲೇ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು.

ಅಣ್ಣ ಕೇಳಿಸಿಕೊಂಡ. ಚಾಕು ಕೆಳಗಿಟ್ಟ. ಆಮೇಲೆ ಅಂಗಿಯ ತೋಳು ಮೇಲೆ ಮಾಡಿ, "ಹಂಗಾದ್ರ ಇದು ಏನು ನೋಡವ್ವಾ" ಅಂತ ಕೈ ಮುಂದೆ ಮಾಡಿದ.

ಮುಂಗೈಯ ಮೇಲ್ಭಾಗದಲ್ಲಿ ಒಂದು ಹುಣ್ಣು. ಸುತ್ತಲೂ ಚರ್ಮ ಉಬ್ಬಿತ್ತು, ನಡುವೆ ಇದ್ದಿಲಿನ ಹಾಗೆ ಕಪ್ಪು. ನೋವಿಲ್ಲ, ಮೊದಲು ತುರಿಸುತ್ತಿತ್ತು, ಸೊಳ್ಳೆ ಕಡಿದಿರಬೇಕು ಅಂತ ಬಿಟ್ಟಿದ್ದೆ ಅಂದ. ಕೆಲವು ದಿನದ ಹಿಂದೆ ಇದೇ ಹಳ್ಳದ ಕಡೆ ಮೇಯುತ್ತಿದ್ದ ಕುರಿಯೊಂದು ಸತ್ತಿತ್ತು. ಅದನ್ನು ಈತನೇ ಕೊಯ್ದಿದ್ದ. ಓಣಿಯಲ್ಲಿ ಮೂರ್ನಾಲ್ಕು ಮನೆಯವರು ಮಾಂಸ ಹಂಚಿಕೊಂಡಿದ್ದರು. ಅತ್ತಿಗೆಯೇ ಅದನ್ನು ತೊಳೆದು ಅಡಿಗೆ ಮಾಡಿದ್ದಳು.

ಅಪ್ಪ ಅಷ್ಟೊತ್ತು ಕಾರಿನ ಹತ್ತಿರವೇ ನಿಂತಿದ್ದವನು ಬಂದು ಅಣ್ಣನ ಕೈ ನೋಡಿದ. ನೋಡಿ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ನಾನು ಬಿಸಿಲಿಗೆ ತಲೆ ತಿರುಗಿತೇನೋ ಅಂದುಕೊಂಡು ನೀರು ಕೊಡಲು ಹೋದೆ. ನೀರು ಬೇಡ ಅಂತ ಕೈ ಮಾಡಿದ.

"ನಿಮ್ಮಪ್ಪನ ಕುತ್ತಿಗಿ ಮ್ಯಾಲ ಇದೇ ಇತ್ತು" ಅಂದ, ಅಣ್ಣನ ಮುಖ ನೋಡುತ್ತಾ. "ಕಪ್ಪಗ, ಹಿಂಗೇ."

ನಮ್ಮ ದೊಡ್ಡಪ್ಪ ಯಾವುದರಿಂದ ಸತ್ತ ಎಂಬುದು ನನಗೆ, ತಂಗಿಗೆ, ಆತನ ಸ್ವಂತ ಮಗನಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಆಗ ಊರವರು ದೇವಿಯ ಸಿಟ್ಟು ಅಂದಿದ್ದರಂತೆ. ಹರಕೆ ಹೊತ್ತರು, ಬೇವಿನ ಸೊಪ್ಪು ಅರೆದು ಹಚ್ಚಿದರು, ದವಾಖಾನೆಗೆ ಮಾತ್ರ ಯಾರೂ ಒಯ್ಯಲಿಲ್ಲ. ಕುತ್ತಿಗೆ ಬಾತು ಉಸಿರು ಸಿಕ್ಕಿಕೊಂಡು ಆತ ಹೋದ.

ತಂಗಿ ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಅವಾಗ ಔಷಧ ಕೊಡ್ಲಿಲ್ಲಪ್ಪಾ. ಈಗ ಕೊಡೋಣು. ಅಣ್ಣಗ ಏನೂ ಆಗಂಗಿಲ್ಲ" ಅಂದಳು. ಆಮೇಲೆ ನನಗೆ, ಅಣ್ಣ ಅತ್ತಿಗೆ ಇಬ್ಬರನ್ನೂ ಈಗಿಂದೀಗ ಕಲಬುರಗಿಯ ದೊಡ್ಡ ದವಾಖಾನೆಗೆ ಕರಕೊಂಡು ಹೋಗು, ಡಾಕ್ಟರಿಗೆ ನಾನು ಫೋನ್ ಮಾಡಿರುತ್ತೇನೆ ಅಂದಳು. ಅಪ್ಪನನ್ನು ಕರೆದೆ. ಆತ ಬರಲಿಲ್ಲ. ನಾನು ಆಕಿ ಕೂಡ ಇರ್ತೀನಿ ಅಂದ.

ದಾರಿಯುದ್ದಕ್ಕೂ ಅಣ್ಣ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ತನಗಿಂತ ಮಾಂಸ ತಿಂದ ಮನೆಗಳವರ ಚಿಂತೆಯೇ ಆತನಿಗೆ ಹೆಚ್ಚಾಗಿತ್ತು. ಅದರಲ್ಲಿ ಒಬ್ಬಳು ಬಸುರಿ ಇದ್ದಳು. ಅತ್ತಿಗೆ ಮಾತ್ರ ಮತ್ತೆ ಮತ್ತೆ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ದವಾಖಾನೆಯಲ್ಲಿ ನಮ್ಮನ್ನು ಕಾಯಿಸಲಿಲ್ಲ. ತಂಗಿ ಎಲ್ಲ ಹೇಳಿ ಮುಗಿಸಿದ್ದಳು. ಹುಣ್ಣಿನಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು, ಅದರ ಉತ್ತರ ಬರುವವರೆಗೂ ಕಾಯದೆ ಔಷಧ ಶುರು ಮಾಡಿದರು. ಬೇಗ ಬಂದಿದ್ದೀರಿ, ಚರ್ಮಕ್ಕೆ ಮಾತ್ರ ಆಗಿದೆ, ಹೆದರುವುದು ಬೇಡ ಅಂತ ಹಿರಿಯ ಡಾಕ್ಟರು ಅಣ್ಣನಿಗೆ ಧೈರ್ಯ ಹೇಳಿದರು. ಇದನ್ನು ಗುರುತಿಸಿ ಕಳಿಸಿದವರು ಯಾರು ಅಂತ ಅವರ ಜೊತೆಗಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು. ಆತ ಕೇಳಿದ್ದು ಅಷ್ಟೇ. ನಾನು ಮಾತ್ರ ಆಕೆಯ ಊರು, ಓದು, ಕೆಲಸ ಎಲ್ಲ ಹೇಳಿದೆ. ನರ್ಸಬಾಯಿ ನಗುತ್ತಾ ನನ್ನನ್ನು ಹೊರಗೆ ಕೂರಲು ಕಳಿಸಿದಳು. ಸಂಜೆಯ ಹೊತ್ತಿಗೆ ಆರೋಗ್ಯ ಇಲಾಖೆಯವರು ಆ ಓಣಿಗೆ ಹೋಗಿ ಮಾಂಸ ಮುಟ್ಟಿದವರಿಗೂ ತಿಂದವರಿಗೂ ಗುಳಿಗೆ ಕೊಟ್ಟು, ಬಸುರಿಯನ್ನು ಬೇರೆಯಾಗಿ ಡಾಕ್ಟರಿಗೆ ತೋರಿಸಿದರು ಅಂತ ತಂಗಿ ಫೋನ್ ಮಾಡಿ ತಿಳಿಸಿದಳು. ಅಣ್ಣ ಆ ಸುದ್ದಿ ಕೇಳಿದ ಮೇಲೆಯೇ ಊಟ ಮಾಡಿದ.

ಆ ಹೊತ್ತಿಗೆ ಊರಿನಲ್ಲಿ ಏನಾಯಿತು ಅನ್ನುವುದನ್ನು ಅಪ್ಪ ಮರುದಿನ ಹೇಳಿದ. ತಂಗಿ ಕೈಗವಸು ಹಾಕಿಕೊಂಡು ಎತ್ತಿನ ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿಗೆ ಹಚ್ಚಿಕೊಂಡಳಂತೆ. ಪಂಚಾಯಿತಿಯವರು ಜೆಸಿಬಿ ಕಳಿಸಿದರು, ಎತ್ತಿನ ಬಗಲಿಗೇ ಗುಂಡಿ ತೋಡಿದರು. ಅದನ್ನು ಗುಂಡಿಗೆ ಇಳಿಸಲು ಮಂದಿ ಬೇಕಾಯಿತು. ಗೌಡರು ರೂಢಿಯಂತೆ ನಮ್ಮ ಓಣಿಯ ಕಡೆ ಆಳು ಕಳಿಸಲು ಹೊರಟರು. ತಂಗಿ ಬೇಡ ಅಂದಳು. ಎತ್ತು ನಿಮ್ಮದು, ನಾನು ಒಂದು ಕಡೆ ಹಿಡಿಯುತ್ತೇನೆ, ನಿಮ್ಮ ಮಗ ಒಂದು ಕಡೆ ಹಿಡಿಯಲಿ, ಹಾಕಿಕೊಳ್ಳುವುದಕ್ಕೆ ಎಲ್ಲ ನನ್ನ ಹತ್ತಿರ ಇದೆ ಅಂತ ಚೀಲದಿಂದ ಕೈಗವಸು, ಮುಖಗವಸು ತೆಗೆದು ಕೊಟ್ಟಳು. ಗೌಡರ ಮಗ ಒಂದು ಸಲ ತಂದೆಯ ಮುಖ ನೋಡಿ, ಆಮೇಲೆ ಸುಮ್ಮನೆ ಹಾಕಿಕೊಂಡ. ಮೂಗು, ಬಾಯಿಗೆಲ್ಲ ಔಷಧದಲ್ಲಿ ಅದ್ದಿದ ಹತ್ತಿ ತುರುಕಿ, ದಪ್ಪ ತಾಡಪಾಲಿನ ಮೇಲೆ ಉರುಳಿಸಿ, ತಂಗಿ, ಆಕೆ ಫೋನ್ ಮಾಡಿ ಕರೆಸಿದ್ದ ಆಸ್ಪತ್ರೆಯ ಸಹಾಯಕ, ಗೌಡರ ಮಗ ಮೂವರೂ ಸೇರಿ ಎತ್ತನ್ನು ಇಳಿಸಿದರು. ರಕ್ತ ಬಿದ್ದ ಮಣ್ಣನ್ನೂ ಕೆತ್ತಿ ಗುಂಡಿಗೆ ಹಾಕಿದರು, ಮೇಲೆ ಸುಣ್ಣ ಸುರಿದರು.

"ನನ್ನ ಆಯುಷ್ಯದಾಗ ಆ ಮನಿಯವರ ಕೈ ಸತ್ತ ದನಕ್ಕ ಹತ್ತಿದ್ದು ನೋಡಿರಲಿಲ್ಲ" ಅಂದ ಅಪ್ಪ. ಗುಂಡಿ ಮುಚ್ಚಿದ ಮೇಲೆ ಗೌಡರೇ ತಂಗಿಯ ಕೈಗೆ ನೀರು ಹಾಕಿದರು ಎಂಬುದನ್ನು ಆಕೆಯಿಂದಲ್ಲ, ಅಪ್ಪನಿಂದಲೇ ಮೂರು ಸಲ ಕೇಳಿದ್ದೇನೆ.

ಪರೀಕ್ಷೆಯಲ್ಲಿ ನೆರಡಿಯೇ ಅಂತ ಬಂತು. ಇನ್ನು ಆ ಊರಿನ, ಸುತ್ತಲಿನ ಊರುಗಳ ದನ ಕುರಿಗಳಿಗೆಲ್ಲ ಲಸಿಕೆ ಹಾಕಬೇಕಿತ್ತು. ಗೌಡರು ಮುಂತಾದವರು ದನಗಳನ್ನು ತರಲು ಒಪ್ಪಿದರು. ಕುರಿಯವರು ಒಪ್ಪಲಿಲ್ಲ. ಗಬ್ಬದ ಕುರಿ ಕಂದು ಹಾಕುತ್ತವೆ, ಸೂಜಿ ಮಾಡಿದಲ್ಲಿ ಬಾವು ಬರುತ್ತದೆ, ಹಾಲು ಕಡಿಮೆಯಾಗಿ ಮರಿ ಸೊರಗುತ್ತವೆ ಅಂತ ಅವರ ತಕರಾರು. ಸಾಲೆಯ ಅಂಗಳದಲ್ಲಿ ಸಭೆ ಸೇರಿತು. ಆ ದಿನ ನಾನು ರಜೆ ಹಾಕಿ ಹೋಗಿದ್ದೆ. ನಾನು ಬಾ ಅನ್ನುವ ಮೊದಲೇ ಅಪ್ಪ ತೊಳೆದ ಧೋತರ ಉಟ್ಟು ಕಾರಿನಲ್ಲಿ ಕೂತಿದ್ದ.

ತಂಗಿ ಯಾವುದನ್ನೂ ಮುಚ್ಚಿಡಲಿಲ್ಲ. ಬಾವು ಬರಬಹುದು, ಒಂದೆರಡು ದಿನ ಜ್ವರ ಬರಬಹುದು, ಹಾಲು ಕಡಿಮೆಯಾಗಬಹುದು, ಮತ್ತೆ ಸರಿಹೋಗುತ್ತದೆ. ದಿನ ತುಂಬಿದ ಗಬ್ಬದ ಕುರಿಗಳನ್ನು ಬೇರೆ ಮಾಡೋಣ, ಅವುಗಳಿಗೆ ಆಮೇಲೆ ನೋಡೋಣ ಅಂದಳು. ಆಗ ಕುರಿಯವರ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. ಆಕೆಯ ಕುರಿಯೇ ಮೊದಲು ಸತ್ತದ್ದು.

"ಕುರಿಗಿ ಸೂಜಿ ಮಾಡ್ತೀನಂತೀರಿ. ಮನಷಾಗ ಬರ್ತದಂತನೂ ನೀವೇ ಹೇಳ್ತೀರಿ. ಮತ್ತ ನಮಗ್ಯಾಕ ಮಾಡಂಗಿಲ್ರಿ?"

ಸಭೆಯಲ್ಲಿ ಕೆಲವರು ನಕ್ಕರು. ತಂಗಿ ನಗಲಿಲ್ಲ. ಬಹಳ ಒಳ್ಳೇ ಮಾತು ಕೇಳಿದಿರಿ ಅಂದಳು. ಮನುಷ್ಯರಿಗೂ ಇದರ ಲಸಿಕೆ ಇದೆ, ಬೇರೆ ದೇಶಗಳಲ್ಲಿ ಸೈನಿಕರಿಗೆ, ಈ ಹುಳವನ್ನು ಲ್ಯಾಬಿನಲ್ಲಿ ಇಟ್ಟುಕೊಂಡು ಕೆಲಸ ಮಾಡುವವರಿಗೆ ಹಾಕುತ್ತಾರೆ, ಊರ ಮಂದಿಗೆಲ್ಲ ಹಾಕುವ ರೂಢಿ ಎಲ್ಲಿಯೂ ಇಲ್ಲ ಅಂತ ವಿವರಿಸಿದಳು. ಯಾಕೆಂದರೆ ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹಬ್ಬುವುದು ಬಹಳ ಅಪರೂಪ, ನಮಗೆ ಬರುವುದು ದನ ಕುರಿಯಿಂದ. ಅವುಗಳಿಗೆ ಬರದಿದ್ದರೆ ನಮಗೂ ಬರುವುದಿಲ್ಲ.

"ಕುರಿಗಿ ಮಾಡಿದ ಸೂಜಿ ನಿಮಗ ಮಾಡಿದಂಗೇ ಅವ್ವಾ" ಅಂದಳು. "ನಿಮ್ಮ ಮಕ್ಕಳಿಗಿ ಮಾಡಿದಂಗ."

ಆದರೂ ಹಿಂದೆ ಗುಸುಗುಸು ನಿಲ್ಲಲಿಲ್ಲ. ಆಗ ಅಪ್ಪ ಎದ್ದ. ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮೊದಲು ಎದ್ದು ಹೋಗುವ ಮನುಷ್ಯ ಆತ. ನನ್ನ ಮದುವೆಯಲ್ಲಿ ಸಹ ನಾಲ್ಕು ಮಾತು ಆಡಿದವನಲ್ಲ. ನಾನು ಇಂಥವರ ಮಗ, ಈ ಊರಲ್ಲೇ ಹುಟ್ಟಿದವನು ಅಂತ ಶುರು ಮಾಡಿದ. ತನ್ನ ಅಣ್ಣ ಯಾವ ಮನೆಯ ಎತ್ತು ಸುಲಿದ, ಹೆಗಲ ಮೇಲೆ ಹಸಿ ಚರ್ಮ ಹೊತ್ತು ಹೇಗೆ ಬಂದ, ಕುತ್ತಿಗೆಗೆ ಏನಾಯಿತು, ಕಡೆಗೆ ನೀರು ನುಂಗಲು ಹೇಗೆ ಒದ್ದಾಡಿದ, ಎಲ್ಲ ಹೇಳಿದ. ದನಿ ಒಂದೇ ಸಮ ಇತ್ತು. ನಮಗೆ ಮನೆಯಲ್ಲಿ ಒಂದು ದಿನವೂ ಹೇಳದೇ ಇದ್ದದ್ದನ್ನು ಆತ ಆ ಅಂಗಳದಲ್ಲಿ ಎಲ್ಲರ ಮುಂದೆ ಇಟ್ಟ.

"ಅವಾಗ ಇದು ಏನಂತ ಹೇಳಾಕ ಯಾರೂ ಇರಲಿಲ್ಲ" ಅಂದ. ಆಮೇಲೆ ತಂಗಿಯ ಕಡೆ ಕೈ ಮಾಡಿ, "ಈಗ ಈಕಿ ಬಂದಾಳ. ಈಕಿ ನನ್ನ ಮಗಳು. ದನದ ಡಾಕ್ಟರ್ ಆಗ್ಯಾಳ" ಅಂದ.

ನಾನು ಅಂಗಳದ ಬೇವಿನ ಗಿಡದ ಕಡೆ ಮುಖ ತಿರುಗಿಸಿ ನಿಂತೆ. ತಂಗಿ ಲಸಿಕೆಯ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ಕುರಿಯವರ ಆ ಹೆಣ್ಣುಮಗಳು, ನಾಳೆ ನಸುಕಿನಲ್ಲಿ ಹಟ್ಟಿಗೆ ಬರ್ರಿ, ಮೇಯಲು ಬಿಡುವ ಮುಂಚೆ ಮುಗಿಸೋಣ ಅಂದಳು.

ಮರುದಿನದಿಂದ ತಂಗಿ ಮತ್ತು ಆಕೆಯ ಜೊತೆಯವರು ಹಟ್ಟಿಯಿಂದ ಹಟ್ಟಿಗೆ ತಿರುಗಿದರು. ನಾನು ಒಂದು ಬೆಳಗು ನೋಡಿದೆ. ಇಬ್ಬರು ಕುರಿಯನ್ನು ಒತ್ತಿ ಹಿಡಿಯುತ್ತಿದ್ದರು. ಈಕೆ ಚರ್ಮವನ್ನು ಚಿವುಟಿ ಎತ್ತಿ ಅದರ ಕೆಳಗೆ ಸೂಜಿ ಚುಚ್ಚಿ ಬಿಡುತ್ತಿದ್ದಳು. ಹಾಕಿ ಆದದ್ದಕ್ಕೆ ಬೆನ್ನ ಮೇಲೆ ಬಣ್ಣದ ಗೀರು. ಮುಗಿಸಿ ಸೊಂಟ ನೆಟ್ಟಗೆ ಮಾಡಿದಾಗ ಆಕೆಯ ಚೂಡಿದಾರದ ಮೇಲೆಲ್ಲ ಹಿಕ್ಕೆ, ತಲೆಯಲ್ಲಿ ಉಣ್ಣೆ. ಕೆಲವು ಕುರಿಗಳಿಗೆ ಬಾವು ಬಂತು. ಕೆಲವರು ಫೋನ್ ಮಾಡಿ ಬೈದರು. ಆಕೆ ಹೋಗಿ ನೋಡಿ ಬಂದಳು, ಬಾವು ಇಳಿಯುವವರೆಗೂ ಹೋಗುತ್ತಲೇ ಇದ್ದಳು. ಮಳೆಗಾಲ ಪೂರ್ತಿ ಮುಗಿದರೂ ಆ ಊರಿನಲ್ಲಿ ಮತ್ತೆ ಆ ರೀತಿ ಒಂದು ಜೀವವೂ ಸಾಯಲಿಲ್ಲ. ಅಣ್ಣನ ನಂತರ ಯಾರ ಮೈಮೇಲೂ ಕಪ್ಪು ಹುಣ್ಣು ಕಾಣಲಿಲ್ಲ. ಅತ್ತಿಗೆಗೆ ಏನೂ ಆಗಲಿಲ್ಲ. ಬಸುರಿಯಿದ್ದವಳು ಹೆಣ್ಣು ಹಡೆದಳು.

ಅಣ್ಣನ ಕೈ ಮಾಯ್ದಿದೆ. ಹುಣ್ಣಿದ್ದಲ್ಲಿ ತಗ್ಗು ಬಿದ್ದ ಕಲೆ ಉಳಿದಿದೆ. ಈಗ ಆತ ಪಂಚಾಯಿತಿಯ ನೀರಿನ ಟಾಕಿ ನೋಡಿಕೊಳ್ಳುತ್ತಾನೆ. ಸುತ್ತ ಎಲ್ಲೇ ದನವೋ ಕುರಿಯೋ ಒಮ್ಮೆಲೇ ಬಿದ್ದು ಸತ್ತರೆ ಗೌಡರಿಗಿಂತ ಮೊದಲು ಆತನ ಫೋನ್ ತಂಗಿಗೆ ಬರುತ್ತದೆ. ಯಾರಾದರೂ ಚಾಕು ತೆಗೆದರೆ ತೋಳು ಮೇಲೇರಿಸಿ ಕಲೆ ತೋರಿಸುತ್ತಾನಂತೆ. ಹೆಚ್ಚು ಹೇಳುವುದು ಬೇಕಾಗುವುದಿಲ್ಲ ಅನ್ನುತ್ತಾನೆ.

ಈ ವರ್ಷ ಮಳೆ ಶುರುವಾಗುವ ಮುಂಚೆಯೇ ಲಸಿಕೆ ಹಾಕಿದರು. ನಾನೂ ಅಪ್ಪನೂ ಹೋಗಿದ್ದೆವು. ಯಾರನ್ನೂ ಒಪ್ಪಿಸಬೇಕಾಗಲಿಲ್ಲ, ಸಾಲೆಯ ಅಂಗಳದಲ್ಲಿ ಸಭೆಯೂ ಬೇಕಾಗಲಿಲ್ಲ. ಕುರಿಗಳು ಹಟ್ಟಿಯಲ್ಲಿ ಕಾಯುತ್ತಿದ್ದವು. ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಆ ರಾತ್ರಿ ಅವ್ವನ ಕೈ ರೊಟ್ಟಿ ಉಣ್ಣುತ್ತೇನೆ ಅಂತ ತಂಗಿಯೂ ನಮ್ಮ ಜೊತೆ ಕಲಬುರಗಿಗೆ ಹೊರಟಳು. ಕಾರಿನ ಹಿಂದಿನ ಸೀಟಿನಲ್ಲಿ ಕೂತವಳು ಊರು ದಾಟುವ ಮುಂಚೆಯೇ ಬಾಗಿಲಿಗೆ ತಲೆ ಆನಿಸಿ ನಿದ್ದೆ ಹೋದಳು. ಕಾರಿನ ತುಂಬ ಕುರಿಯ ವಾಸನೆ. ನಾನು ಕಿಟಕಿ ಇಳಿಸಲು ಹೋದೆ, ಗಾಳಿ ಜೋರು ಬರ್ತದ ಬ್ಯಾಡ ಅಂತ ಅಪ್ಪ ತಡೆದ. ಹೆದ್ದಾರಿಗೆ ಬಂದ ಮೇಲೆ ನಾನು ವೇಗ ಹೆಚ್ಚಿಸಿದೆ.

"ಮೆಲ್ಲಕ ಹೊಡಿ" ಅಂದ ಅಪ್ಪ, ಹಿಂದಕ್ಕೆ ತಿರುಗಿ ನೋಡಿ. "ಡಾಕ್ಟರ್ ಮಲಗ್ಯಾರ."